ಕಾಮಿಶಿಬಾಯಿ: ಮಾತು ಯಾವ ಹಾಳೆಯ ಬೆನ್ನಿಗೆ?

ಉಡುಪಿಯ ಶಾಲೆಗಳಲ್ಲಿ ಜಪಾನಿನ ಕಾಮಿಶಿಬಾಯಿ, ಅಂದರೆ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಚಿತ್ರದ ಹಾಳೆಗಳನ್ನು ಒಂದೊಂದಾಗಿ ಎಳೆಯುತ್ತಾ ಕತೆ ಹೇಳುವ ಆಟ, ಮಾಡಿಸಬಹುದು ಎಂದು ಲೇಖನವೊಂದು ಕೊಟ್ಟ ಸಲಹೆ ಒಳ್ಳೆಯದೇ. ಆದರೆ ‘ಪ್ರತಿ ಚಿತ್ರದ ಹಿಂದೆ ಅದರದೇ ಮಾತು ಬರೆಯಿರಿ’ ಎಂದಿರುವುದು ತಪ್ಪು. ಪೆಟ್ಟಿಗೆಯ ಹಿಂದೆ ನಿಂತವರಿಗೆ ಕಾಣುವುದು ಕಟ್ಟಿನ ಕೊನೆಯ ಹಾಳೆಯ ಬೆನ್ನು ಮಾತ್ರ. 12 ಹಾಳೆಯ ಕತೆಯಾದರೆ 1ನೇ ಚಿತ್ರದ ಮಾತು 12ರ ಬೆನ್ನಿಗೆ, 2ರದ್ದು 1ರ ಬೆನ್ನಿಗೆ, 3ರದ್ದು 2ರ ಬೆನ್ನಿಗೆ ಬರಬೇಕು. ಎಳೆದ ಹಾಳೆ ಕಟ್ಟಿನ ಹಿಂದಕ್ಕೆ ಹೋದೊಡನೆ ಮುಂದಿನ ಮಾತು ತಾನಾಗಿ ಕಣ್ಣೆದುರು ಬರುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಇದನ್ನು ಹೇಳದಿದ್ದರೆ ಎಲ್ಲ ಒಂದೊಂದು ಹಾಳೆ ತಪ್ಪುವುದು ಖಂಡಿತ. ಮೂಲೆಯಲ್ಲಿ ಪೆನ್ಸಿಲಿನಿಂದ ಸಂಖ್ಯೆ ಹಾಕಿಡಿ.

ಜೀವ ಇರುವುದು ಎಳೆಯುವುದರಲ್ಲಿ. ಅರ್ಧ ಎಳೆದು ನಿಲ್ಲಿಸಿದರೆ ಚಿತ್ರದ ಬಾಗಿಲ ಹಿಂದೆ ಯಾರಿದ್ದಾರೆ ಎಂದು ಮಕ್ಕಳು ಕತ್ತು ಚಾಚುತ್ತಾರೆ. ನಿಲ್ಲಿಸುವ ಜಾಗಕ್ಕೆ ಬೆನ್ನಲ್ಲೊಂದು ಗೆರೆ ಇರಲಿ. 1930ರ ದಶಕದಲ್ಲಿ ಟೋಕಿಯೊದ ಬೀದಿಗಳಲ್ಲಿ ಸೈಕಲ್ ಮೇಲೆ ಬಂದು ಮಿಠಾಯಿ ಮಾರುತ್ತಿದ್ದ ಕತೆಗಾರರು ಕತೆಯನ್ನು ಕುತೂಹಲದ ಜಾಗದಲ್ಲೇ ನಿಲ್ಲಿಸಿ ನಾಳೆ ಬನ್ನಿ ಎನ್ನುತ್ತಿದ್ದರು. (ನಮ್ಮ ಭಾಗವತರಿಗೂ ಈ ಉಪಾಯ ಹೊಸದಲ್ಲ.)

ಚಿತ್ರದ ಗೆರೆ ದಪ್ಪವಿರಲಿ, ಸಣ್ಣ ಕುಸುರಿ ಹಿಂದಿನ ಸಾಲಿಗೆ ಕಾಣುವುದಿಲ್ಲ. ನಮ್ಮ ಮಳೆಗಾಲದ ಆಟಿ ತಿಂಗಳ ತೇವಕ್ಕೆ ತೆಳು ಕಾಗದ ಬಳುಕಿ ಪೆಟ್ಟಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಕಾರ್ಡು ಸಾಕು. ಒಂದೇ ಬದಿಗೆ ಲ್ಯಾಮಿನೇಶನ್ ಮಾಡಿಸಿದರೆ ಹಪ್ಪಳದಂತೆ ಸುರುಟುತ್ತದೆ, ಎರಡೂ ಬದಿ ಮಾಡಿಸಿ. ಹೊಳಪಿನದ್ದು ಬೇಡ, ಟ್ಯೂಬ್‌ಲೈಟಿನ ಬೆಳಕು ಬಿದ್ದು ಚಿತ್ರವೇ ಕಾಣದು.