ಸಣ್ಣದು ಅಂದ್ರೆ ಎಷ್ಟು ಸಣ್ಣದು?

ಈ "ಸಣ್ಣದು" ಅನ್ನೋ ಮಾತನ್ನು ಇನ್ನೊಂದು ಸಲ ಕೇಳಿದರೆ ನಾನು ಯಾರ ಮೇಲಾದರೂ ಹರಿಹಾಯ್ತೀನಿ. ಇವತ್ತು ಬೆಳಿಗ್ಗೆ ಆಗಲೇ ಅರ್ಧ ಹರಿಹಾಯ್ದು ಬಂದಿದ್ದೇನೆ.

ಮಗಳ ಎಕೋ, ಅಂದರೆ ಹೃದಯದ ಸ್ಕ್ಯಾನ್, ಇತ್ತು. ಮೂರು ವರ್ಷದ ಹಿಂದೆ ಎದೆ ಕುಯ್ಯದೆ ಅವಳ ಹೃದಯದ ತೂತು ಮುಚ್ಚಿಸಿದ ಕಥೆಯನ್ನು ಪೂರ್ತಿ ಮತ್ತೆ ಹೇಳೋದಿಲ್ಲ. ಆಗ ರಾತ್ರಿ ಎರಡು ಗಂಟೆಗೆ ನನ್ನ ಮೆಸೇಜುಗಳಿಗೆ ಉತ್ತರ ಕೊಟ್ಟವರೇ ಈ ಗುಂಪಿನಲ್ಲಿ ಜಾಸ್ತಿ ಇದ್ದೀರಿ. ಎಕೋ ರೂಮಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಪಕ್ಕದಲ್ಲಿ ಇನ್ನೊಬ್ಬ ತಾಯಿ, ಮಡಿಲಲ್ಲಿ ಎರಡು ವರ್ಷದ ಮಗು, ಜೊತೆಗೆ ಅವರ ಸೋದರಮಾವ. ಆ ಮಗುವಿಗೂ ಹೃದಯದಲ್ಲಿ ತೂತು. ಓಪನ್ ಹಾರ್ಟ್ ಆಗಬೇಕು ಅಂತ ಡಾಕ್ಟರು ಹೇಳಿಯಾಗಿದೆ. ಮಾವ ಒಪ್ಪುತ್ತಿಲ್ಲ.

"ನೋಡಮ್ಮ, ಎದೆ ಕುಯ್ಯೋ ಕಾಲ ಎಲ್ಲ ಹೋಯ್ತು. ಈಗ ತೊಡೇಲಿ ಒಂದು ತಂತಿ ಹಾಕಿ ಮುಚ್ಚಿಬಿಡ್ತಾರೆ. ಸಣ್ಣದು. ಇವರಿಗೆ ಬರಲ್ಲ ಅಂದ್ರೆ ಬೇರೆ ಕಡೆ ಹೋಗೋಣ." ಆಮೇಲೆ ನನ್ನ ಮಗಳ ಕಡೆ ಕೈ ತೋರಿಸಿ, "ಈ ಮಗೂನೇ ನೋಡು. ಮೈ ಮೇಲೆ ಒಂದು ಗೀರೂ ಇಲ್ವಂತೆ."

ಗೀರಿಲ್ಲ, ಒಪ್ಪಿದೆ. ತೊಡೆಸಂದಿನಲ್ಲಿ ಒಂದು ಚುಕ್ಕೆ ಇತ್ತು, ಅದೂ ಈಗ ಹುಡುಕಿದರೆ ಸಿಗುವುದಿಲ್ಲ. ಅದಕ್ಕೇ ತಾನೇ ಈ ಪಾಡು? ಹೊಲಿಗೆ ಕಂಡರೆ ಜನ ದನಿ ತಗ್ಗಿಸಿ ಮಾತಾಡುತ್ತಾರೆ. ಕಾಣದಿದ್ದರೆ ಸಣ್ಣದು. ಹಲ್ಲು ಕೀಳಿಸಿಕೊಂಡು ಬಂದವರನ್ನು ಇದಕ್ಕಿಂತ ಚೆನ್ನಾಗಿ ವಿಚಾರಿಸಿಕೊಳ್ಳುತ್ತಾರೆ.

ಸರಿ, ಸಣ್ಣದು ಯಾವುದು ಅಂತ ನೋಡೇಬಿಡೋಣ. ನನ್ನ ಮಗಳಿಗೆ ಇದ್ದದ್ದು ಎಎಸ್‌ಡಿ. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ 14 ಮಿಲಿಮೀಟರ್ ತೂತು. ನಾಲ್ಕು ವರ್ಷದ ಮಗುವಿನ ಹೃದಯ ಹೆಚ್ಚುಕಡಿಮೆ ಅದರ ಮುಷ್ಟಿಯಷ್ಟು. ಅದರಲ್ಲಿ 14 ಮಿಲಿಮೀಟರ್! ಶ್ವಾಸಕೋಶದಿಂದ ಈಗಷ್ಟೇ ಬಂದ ರಕ್ತ ಎಡಗಡೆಯಿಂದ ಬಲಗಡೆಗೆ ಸೋರಿ, ವಾಪಸ್ ಶ್ವಾಸಕೋಶಕ್ಕೇ ಹೋಗುತ್ತದೆ. ಬಲಗಡೆಯ ಕೋಣೆಗಳು ಡಬಲ್ ಡ್ಯೂಟಿ ಮಾಡಿ ಮಾಡಿ ಹಿಗ್ಗುತ್ತವೆ. ಮಗು ಮಾತ್ರ ಕುಣಿದಾಡಿಕೊಂಡೇ ಇರುತ್ತದೆ.

ಮುಚ್ಚುವ ಡಿವೈಸಿನ ಒಂದು ಮಾದರಿಯನ್ನು ಡಾಕ್ಟರು ನಮ್ಮ ಕೈಗೇ ಕೊಟ್ಟಿದ್ದರು. ಕೂದಲಿನಂಥ ತಂತಿಯಲ್ಲಿ ಹೆಣೆದ ಎರಡು ಬಿಲ್ಲೆ, ನಡುವೆ ಒಂದು ಗಿಡ್ಡ ಸೊಂಟ. ಎರಡು ತುದಿ ಹಿಡಿದು ಎಳೆದರೆ ದಾರದ ಹಾಗೆ ಉದ್ದವಾಗುತ್ತದೆ. ಬಿಟ್ಟರೆ ಟಪ್ ಅಂತ ಮತ್ತೆ ಬಿಲ್ಲೆ. ನಿಕಲ್ ಮತ್ತು ಟೈಟಾನಿಯಂ ಸೇರಿದ ನಿಟಿನಾಲ್ ಅನ್ನೋ ಲೋಹ, ತನ್ನ ಆಕಾರ ಮರೆಯುವುದಿಲ್ಲ. ನಮ್ಮೆಜಮಾನರು ಒಂದು ಮಾತೂ ಆಡದೆ ಅದನ್ನು ಎಳೆಯೋದು, ಬಿಡೋದು, ಎಳೆಯೋದು, ಬಿಡೋದು. ಕೊನೆಗೆ ಡಾಕ್ಟರೇ ಕೈ ಚಾಚಿ ವಾಪಸ್ ಇಸ್ಕೊಂಡರು.

ಇದನ್ನು ಕ್ಯಾಥೆಟರ್ ಅನ್ನೋ ತೆಳು ಕೊಳವೆಯೊಳಗೆ ಮಡಚಿ, ತೊಡೆಯ ರಕ್ತನಾಳದಿಂದ ಹೃದಯದ ತನಕ ತಳ್ಳಿಕೊಂಡು ಹೋಗಬೇಕು. ತೂತು ದಾಟಿ ಎಡಗಡೆ ಒಂದು ಬಿಲ್ಲೆ ಬಿಚ್ಚಬೇಕು. ಅದನ್ನು ಗೋಡೆಗೆ ತಾಗುವ ಹಾಗೆ ಎಳೆದು ಹಿಡಿದು, ಬಲಗಡೆ ಇನ್ನೊಂದು ಬಿಚ್ಚಬೇಕು. ಎದೆ ತೆರೆದು ಮಾಡುವಾಗ ಹೃದಯ ನಿಲ್ಲಿಸಿ, ಅದರ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ಕಣ್ಣಾರೆ ನೋಡಿ ಹೊಲಿಯುತ್ತಾರೆ. ಇಲ್ಲಿ ಹೃದಯ ಬಡಿಯುತ್ತಲೇ ಇರುತ್ತದೆ. ನೋಡುವುದಕ್ಕೆ ಎಕ್ಸ್‌ರೇ ಮತ್ತು ಎಕೋ ಪರದೆ ಮಾತ್ರ. ಡಿವೈಸ್ ಒಂದು ಕೇಬಲಿನ ತುದಿಗೆ ಸ್ಕ್ರೂ ಆಗಿರುತ್ತದೆ. ಕೂತಿದೆಯಾ ಅಂತ ಅಲ್ಲಾಡಿಸಿ ನೋಡುತ್ತಾರೆ. ಸಮಾಧಾನ ಆಗದಿದ್ದರೆ ವಾಪಸ್ ಎಳೆದುಕೊಳ್ಳಬಹುದು. ಆದರೆ ಸ್ಕ್ರೂ ತಿರುಗಿಸಿ ಬಿಟ್ಟರೋ, ಮುಗಿಯಿತು. ಅಪರೂಪಕ್ಕೆ ಅದು ಜಾರಿ ರಕ್ತದ ಜೊತೆ ಹೊರಟುಬಿಡುವುದೂ ಉಂಟು. ಆಗ ಹಿಡಿದು ತರಬೇಕು, ಇಲ್ಲಾಂದರೆ ಎದೆ ತೆರೆಯಬೇಕು. ಅದಕ್ಕೆಲ್ಲ ನಾವು ಮೊದಲೇ ಸಹಿ ಹಾಕಿದ್ದೆವು. ಹೊರಗೆ ಕೂತ ಒಂದೂವರೆ ಗಂಟೆ ನನ್ನ ತಲೆಯಲ್ಲಿ ಓಡಿದ್ದು ಆ ಸ್ಕ್ರೂ ಒಂದೇ.

ಎಲ್ಲ ಸಲೀಸಾಗಿ ಆಯಿತು. ಆಮೇಲೆ ಬಂತು ನೋಡಿ ಇನ್ನೊಂದು ಶಿಕ್ಷೆ. ತೊಡೆಯಲ್ಲಿ ರಕ್ತ ಬರಬಾರದು ಅಂತ ಆರು ಗಂಟೆ ಕಾಲು ಮಡಚುವ ಹಾಗಿಲ್ಲ. ನಾಲ್ಕು ವರ್ಷದ ಮಗುವಿನ ಕಾಲನ್ನು ಆರು ಗಂಟೆ ನೇರವಾಗಿ ಇಡಿಸಿದ್ದೀರಾ ಯಾರಾದರೂ? ಅರಿವಳಿಕೆ ಇಳಿಯುತ್ತಿದ್ದ ಹಾಗೆ ಅವಳು ಒದೆಯಲು ಶುರು. ನಾನು ಮಂಡಿ ಹಿಡಿದುಕೊಂಡು ಗೊತ್ತಿದ್ದ ಕಥೆಗಳನ್ನೆಲ್ಲ ಹೇಳಿ, ಗೊತ್ತಿಲ್ಲದವನ್ನೂ ಹೇಳಿ, ಕೊನೆಗೆ ಟಿವಿ ರಿಮೋಟನ್ನು ಅವಳ ಕೈಗೇ ಕೊಟ್ಟುಬಿಟ್ಟೆ. ಮನೆಗೆ ಬಂದ ಮೇಲೆ ಆರು ತಿಂಗಳು ದಿನಾ ಆಸ್ಪಿರಿನ್. ಬಿಲ್ಲೆಯ ಮೇಲೆ ಹೃದಯದ್ದೇ ಪದರ ಬೆಳೆದು ಮುಚ್ಚಿಕೊಳ್ಳುವ ತನಕ ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದಲ್ವಾ, ಅದಕ್ಕೆ.

ಇಷ್ಟಕ್ಕೆ ಸಣ್ಣದು.

ಈ ಸಣ್ಣದಕ್ಕೆ ಎಷ್ಟು ವರ್ಷ ಹಿಡಿಯಿತು ಗೊತ್ತಾ? 1929ರಲ್ಲಿ ವರ್ನರ್ ಫೋರ್ಸ್‌ಮನ್ ಅನ್ನೋ ಜರ್ಮನ್ ಡಾಕ್ಟರು ತನ್ನ ತೋಳಿನ ರಕ್ತನಾಳಕ್ಕೆ ತಾನೇ ಕೊಳವೆ ತೂರಿಸಿ, ಹೃದಯದ ತನಕ ತಳ್ಳಿ, ಹಾಗೇ ಎದ್ದು ನಡೆದು ಎಕ್ಸ್‌ರೇ ಕೋಣೆಗೆ ಹೋದರು. ಮೊದಲು ಬೈಸಿಕೊಂಡರು. 1956ರಲ್ಲಿ ಅದೇ ಕೆಲಸಕ್ಕೆ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಮಕ್ಕಳ ವಿಷಯದಲ್ಲಿ ಇನ್ನೂ ಮಜಾ. 1966ರಲ್ಲಿ ವಿಲಿಯಂ ರಾಷ್ಕಿಂಡ್ ಫಿಲಡೆಲ್ಫಿಯಾದಲ್ಲಿ ಕ್ಯಾಥೆಟರ್ ಬಳಸಿದ್ದು ತೂತು ಮುಚ್ಚುವುದಕ್ಕಲ್ಲ, ತೂತು ಮಾಡುವುದಕ್ಕೆ! ಹೃದಯದ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿ ಹುಟ್ಟಿ, ಆಮ್ಲಜನಕ ಸಾಲದೆ ಮೈ ನೀಲಿಗಟ್ಟುವ ಮಕ್ಕಳಿಗೆ ರಕ್ತ ಬೆರೆಯಲು ಒಂದು ದಾರಿ ಬೇಕು. ಅವರು ಪುಟ್ಟ ಬಲೂನನ್ನು ಗೋಡೆಯಾಚೆ ಉಬ್ಬಿಸಿ ಜಗ್ಗಿ ಎಳೆದು ದಾರಿ ಮಾಡಿಕೊಟ್ಟರು. ಕ್ಯಾಥೆಟರಿನಿಂದ ಎಎಸ್‌ಡಿ ಮುಚ್ಚಿದ ಮೊದಲ ವರದಿ ಬಂದಿದ್ದು 1976ರಲ್ಲಿ. ಕಿರಿದಾದ ವಾಲ್ವನ್ನು ಬಲೂನಿನಿಂದ ಹಿಗ್ಗಿಸಿದ ವರದಿ 1982ರಲ್ಲಿ. ಈಗ ಅವಧಿಗೆ ಮೊದಲೇ ಹುಟ್ಟಿದ, ಬರೀ 700 ಗ್ರಾಂ ತೂಕದ ಕೂಸಿಗೂ ಪಿಡಿಎ (ಹುಟ್ಟಿದ ಮೇಲೆ ತಾನಾಗೇ ಮುಚ್ಚಿಕೊಳ್ಳಬೇಕಿದ್ದ, ಹೃದಯದ ಹತ್ತಿರದ ಒಂದು ರಕ್ತನಾಳ) ಮುಚ್ಚುವ ಡಿವೈಸ್ ಇದೆ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬಟಾಣಿ ಕಾಳಿಗಿಂತ ಚಿಕ್ಕದು. ಚಿಕ್ಕದು ಮಾಡೋದೇ ಇಲ್ಲಿ ದೊಡ್ಡ ಕೆಲಸ ಕಣ್ರೀ. ಅದನ್ನೇ ಹಿಡ್ಕೊಂಡು ಸಣ್ಣದು ಅಂದ್ರೆ ಉರಿಯಲ್ವಾ?

ನನಗೆ ಉರಿದಿದ್ದಕ್ಕೆ ಇನ್ನೊಂದು ಕಾರಣ ಇದೆ. ಮಾವನ ಮಾತು ಕೇಳುತ್ತಾ ಆ ತಾಯಿಯ ಮುಖ ನೋಡಬೇಕಿತ್ತು. ತನ್ನ ಮಗುವಿಗೆ ಸುಲಭದ್ದು ಇದ್ದೂ ಕಷ್ಟದ್ದಕ್ಕೆ ಒಪ್ಪುತ್ತಿದ್ದೇನಾ ಅನ್ನೋ ಅನುಮಾನ. ಅವರ ಕೈಯಲ್ಲಿದ್ದ ರಿಪೋರ್ಟ್ ಇಣುಕಿ ನೋಡಿದೆ (ಹೌದು, ಕೆಟ್ಟ ಚಾಳಿ). ಪ್ರೈಮಮ್ ಎಎಸ್‌ಡಿ ಅಂತ ಇತ್ತು. ನನ್ನ ಮಗಳದು ಗೋಡೆಯ ನಡುವೆ ಇದ್ದ ತೂತು. ಸುತ್ತ ಅಂಚಿತ್ತು, ಬಿಲ್ಲೆ ಕಚ್ಚಿಕೊಂಡಿತು. ಪ್ರೈಮಮ್ ಇರುವುದು ಗೋಡೆಯ ಕೆಳತುದಿಯಲ್ಲಿ, ವಾಲ್ವುಗಳಿಗೆ ಅಂಟಿಕೊಂಡ ಹಾಗೆ. ಕೆಳಗೆ ಅಂಚೇ ಇಲ್ಲ, ಬಿಲ್ಲೆ ಹಿಡಿಯೋದು ಯಾವುದನ್ನ? ಜೊತೆಗೆ ವಾಲ್ವಿನಲ್ಲೂ ಸಾಮಾನ್ಯವಾಗಿ ಸೀಳಿರುತ್ತದೆ, ಅದನ್ನೂ ಹೊಲಿಯಬೇಕು. ಹಾಗಾಗಿ ಎದೆ ತೆರೆಯುವುದೇ ಅದಕ್ಕೆ ಸರಿಯಾದ ಚಿಕಿತ್ಸೆ. ಡಾಕ್ಟರಿಗೆ ಬರದೆ ಅಲ್ಲ.

ಧೈರ್ಯ ತುಂಬೋಕೆ ಸಣ್ಣದು ಅಂತಾರೆ, ಅದಕ್ಕೆಲ್ಲ ಯಾಕೆ ಇಷ್ಟು ಅಂತ ನೀವು ಕೇಳಬಹುದು. ನನ್ನ ಅಕ್ಕನೂ ಫೋನಿನಲ್ಲಿ ಇದನ್ನೇ ಕೇಳಿದಳು. ಧೈರ್ಯ ಯಾರಿಗೆ ಬರುತ್ತದೆ ಹೇಳಿ? ಹೇಳಿದವರಿಗೆ. ಅವರು ಸಣ್ಣದು ಅಂದು ಮನೆಗೆ ಹೋಗಿ ನಿದ್ದೆ ಮಾಡುತ್ತಾರೆ. ಕೇಳಿದವಳಿಗೆ ಹೆದರೋಕೂ ನಾಚಿಕೆ.

ಇಷ್ಟು ಹಾರಾಡಿದೆನಲ್ಲ, ಈಗ ಒಂದು ವಿಷಯ ಹೇಳಿಬಿಡುತ್ತೇನೆ. ಮಾವನಿಗೆ ಆ ಮಾತು ಕೊಟ್ಟವಳು ನಾನೇ. ಹತ್ತು ನಿಮಿಷದ ಹಿಂದೆ ಅವರು "ನಿಮ್ಮ ಮಗೂಗೆ ಏನಾಗಿತ್ತು?" ಅಂತ ಕೇಳಿದ್ದರು. ನಾನು ಫೋನಿನಿಂದ ತಲೆ ಎತ್ತದೆ, "ತೂತಿತ್ತು, ತೊಡೇಲಿ ಹಾಕಿ ಮುಚ್ಚಿದ್ರು. ಸಣ್ಣದು, ಮಾರನೇ ದಿನವೇ ಮನೆಗೆ ಬಂದ್ವಿ, ಒಂದು ಗೀರೂ ಇಲ್ಲ" ಅಂದಿದ್ದೆ. ಮೂರು ವರ್ಷದಿಂದ ಸ್ಕೂಲಿನಲ್ಲೂ ನೆಂಟರ ಹತ್ತಿರವೂ ಹಾಗೇ ಹೇಳಿಕೊಂಡು ಬಂದಿದ್ದೇನೆ. ಮಗಳನ್ನು ಯಾರೂ ಅಯ್ಯೋ ಪಾಪ ಅಂತ ನೋಡಬಾರದು ಅಂತ. ನನ್ನ ಮಾತು ತಿರುಗಿ ಬೇರೆಯವರ ಮಗುವಿನ ಮೇಲೆ ಬಿದ್ದಾಗ ಬಾಯಿ ಒಣಗಿಹೋಯಿತು.

ಹಾಗಾಗಿ ಎದ್ದು ಆ ತಾಯಿಯ ಪಕ್ಕ ಹೋಗಿ ಕೂತೆ. ಅಂಚಿನ ಕಥೆ ಹೇಳಿದೆ, ಸ್ಕ್ರೂ ಕಥೆ ಹೇಳಿದೆ, ಎರಡೂ ಬೇರೆ ಬೇರೆ ತೂತು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಡಾಕ್ಟರೂ ಇದನ್ನೇ ಚಿತ್ರ ಬರೆದು ತೋರಿಸಿದ್ರು" ಅಂದರು. ಫೈಲಿನಿಂದ ಆ ಚೀಟಿ ತೆಗೆದು ಮಾವನ ಕೈಗೆ ಕೊಟ್ಟರು. ಮಾವ ಕನ್ನಡಕ ಹಾಕಿಕೊಂಡು ಅದನ್ನು ಎರಡು ಕಡೆ ತಿರುಗಿಸಿ ನೋಡಿದರು. ಅಂತೂ ಅರ್ಥ ಆಯ್ತು ಅಂದುಕೊಂಡೆ.

"ಅಲ್ಲಮ್ಮಾ, ನಿಮ್ಮ ಮಗೂಗೆ ಹಾಕಿದಾರಲ್ಲ ಆ ತಂತಿ, ತುಕ್ಕು ಹಿಡಿಯಲ್ವಾ?" ಅಂದರು.