ಫುಡ್ ಕೋರ್ಟ್ ಸರಿ, ಬೆಳಗಿನ ತಿಂಡಿ ಎಲ್ಲಿ?

ಹಾಸನದ ಕಾಲೇಜು ಕ್ಯಾಂಪಸ್‌ಗಳಿಗೆ ಫುಡ್ ಕೋರ್ಟ್ ಬಂದರೆ ವಿದ್ಯಾರ್ಥಿಗಳ ಊಟದ ಕಷ್ಟ ತೀರುತ್ತದೆ ಎಂದು ಬರೆದಿದ್ದೀರಿ. ಯಾರ ಕಷ್ಟ ಸಾರ್? ಹಾಸ್ಟೆಲ್‌ನವರಿಗೆ ಮೆಸ್ ಇದೆ, ರುಚಿಯ ಮಾತು ಬಿಡಿ. ಅರಕಲಗೂಡು, ಆಲೂರು, ಹೊಳೆನರಸೀಪುರದ ಕಡೆಯ ಹಳ್ಳಿಗಳಿಂದ ಮೊದಲ ಬಸ್ಸಿಗೇ ಹೊರಡುವವರನ್ನು ಲೇಖನ ಮರೆತಿದೆ. ಅವರ ಮನೆಯಲ್ಲಿ ಅಷ್ಟೊತ್ತಿಗೆ ಒಲೆಯೇ ಹಚ್ಚಿರುವುದಿಲ್ಲ. 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು, ಒಳ್ಳೆಯದೇ. ಆದರೆ ಖಾಲಿ ಹೊಟ್ಟೆಯಲ್ಲಿ ಬರುವ ನನ್ನ ತಂಗಿಯಂಥವರಿಗೆ ಕ್ಯಾಂಟೀನ್ ಬಾಗಿಲು ತೆಗೆಯುವುದೇ ಮೊದಲ ಪೀರಿಯಡ್ ಶುರುವಾದ ಮೇಲೆ.

ಗೋಬಿ, ನೂಡಲ್ಸ್ ಗಾಡಿಗಳು ಗೇಟಿನ ಹೊರಗೆ ಬೇಕಾದಷ್ಟಿವೆ. ಇಂದಿರಾ ಕ್ಯಾಂಟೀನ್ 2017ರಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟರಲ್ವಾ? ಅಂಥದ್ದೊಂದು ಕೌಂಟರ್ ಕ್ಯಾಂಪಸ್ ಒಳಗೇ ಬರಲಿ, ಬೆಳಿಗ್ಗೆ ಬೇಗ ತೆರೆಯಲಿ. ಮಧ್ಯಾಹ್ನಕ್ಕೆ ಬಿಸಿ ಮುದ್ದೆ, ಸೊಪ್ಪಿನ ಸಾರು ಸಿಕ್ಕರೆ ಜಾಸ್ತಿ ಇನ್ನೇನೂ ಬೇಡ. ಮುದ್ದೆ ತಿರುವೋಕೆ ಕೈ ಪಳಗಿರಬೇಕು, ಸುಮ್ನೆ ದೂರದ ಕಂಪನಿಗೆ ಟೆಂಡರ್ ಕೊಡುವ ಬದಲು ಇಲ್ಲಿನ ಸ್ತ್ರೀಶಕ್ತಿ ಸಂಘದವರಿಗೆ ಕೊಡಿ. ಹಾಗೇ ಮನೆಯಿಂದ ಡಬ್ಬಿ ತರುವವರಿಗೆ ಕೂತು ತಿನ್ನಲು ಜಾಗ, ಕೈ ತೊಳೆಯಲು ನಲ್ಲಿ ಬೇಕು. ಏನೂ ಕೊಳ್ಳದಿದ್ದರೆ ಟೇಬಲ್‌ನಿಂದ ಎಬ್ಬಿಸುವ ಫುಡ್ ಕೋರ್ಟ್ ನಮಗೆ ಬೇಡ.