ಕೃಷ್ಣೆಗೆ ಹಾಯಿ ಯಾಕಿಲ್ಲ?

ಐಹೊಳೆಯ ಗುಡ್ಡದ ಮೇಲಿನ ಮೇಗುತಿ ಗುಡಿಯ ಗೋಡೆಯಲ್ಲಿ ಕವಿ ರವಿಕೀರ್ತಿಯ ಶಾಸನವಿದೆ, ಕ್ರಿ.ಶ. 634ರದು. ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದಾಗ ಅವನ ನೂರಾರು ಹಡಗುಗಳು ಮದಗಜಗಳ ಸಾಲಿನಂತೆ ಕಂಡವಂತೆ. ಹಡಗಿನ ವೈಭವವೆಲ್ಲ ಗುಡ್ಡದ ಮೇಲಾಯಿತು. ಕೆಳಗಿನ ಮಲಪ್ರಭೆಯಲ್ಲಿ, ಅದು ಕೂಡಲಸಂಗಮದಲ್ಲಿ ಸೇರುವ ಕೃಷ್ಣೆಯಲ್ಲಿ ತೇಲುತ್ತಾ ಬಂದದ್ದು ಹರಿಗೋಲು, ದುಂಡನೆಯ ಬುಟ್ಟಿದೋಣಿ. ಅದಕ್ಕೆ ಹಿಂದು ಮುಂದಿಲ್ಲ, ಹಾಯಿ ಕಟ್ಟುವ ಕೂವೆಮರವಿಲ್ಲ, ಚುಕ್ಕಾಣಿಯಿಲ್ಲ.

ಕರಾವಳಿಯ ಪತ್ತೆಮಾರಿ ಎಂಬ ಹಾಯಿಹಡಗಿಗೆ ಇವೆಲ್ಲ ಇದ್ದವು. ಮುಂದಕ್ಕೆ ವಾಲಿದ ಕೂವೆಮರ, ಅದಕ್ಕೆ ಓರೆಯಾಗಿ ಕಟ್ಟಿದ ಉದ್ದನೆಯ ಅಡ್ಡಮರ, ಅದರಿಂದ ಇಳಿಬಿದ್ದ ಮುಮ್ಮೂಲೆ ಹಾಯಿ. ಆದರೆ ನಿಜವಾದ ಗುಟ್ಟು ನೀರಿನ ಅಡಿಗಿದೆ. ತಳದುದ್ದಕ್ಕೂ ಹಾಯ್ದ ದಿಮ್ಮಿ ಪಕ್ಕಕ್ಕೆ ಜಾರಗೊಡುವುದಿಲ್ಲ, ಹಾಗಾಗಿ ಓರೆಗಾಳಿಯೂ ದೋಣಿಯನ್ನು ಮುಂದಕ್ಕೆ ನೂಕುತ್ತದೆ. ಚಪ್ಪಟೆ ತಳದ ಹರಿಗೋಲಿಗೆ ಬಟ್ಟೆ ಕಟ್ಟಿದರೆ ಅದು ಗಾಳಿ ಹೋದತ್ತ ಗಿರಗಿರ ತಿರುಗುತ್ತಾ ಹೋದೀತು.

ಋತುವೂ ಕೂಡಿ ಬರಲಿಲ್ಲ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಹೊಳೆ ಮೂಡಣಕ್ಕೆ ಹರಿಯುತ್ತದೆ. ಜನ ದಾಟಬೇಕಾದದ್ದು ಅಡ್ಡಡ್ಡ. ಚಳಿಗಾಲದ ಮೂಡುಗಾಳಿ ದೋಣಿಯನ್ನು ಮೇಲ್ಮುಖವಾಗಿ ಒಯ್ದೀತು ನಿಜ, ಆದರೆ ಅಣೆಕಟ್ಟುಗಳಿಗೆ ಮುಂಚೆ ಬೇಸಿಗೆಯ ಹೊತ್ತಿಗೆ ಎಷ್ಟೋ ಕಡೆ ಹೊಳೆಯಲ್ಲಿ ನಡೆದೇ ಹೋಗಬಹುದಿತ್ತು. ಸಮುದ್ರದ ಹಾಯಿದೋಣಿಗಳು ದಡ ಸೇರಿ ನೂಲಹುಣ್ಣಿಮೆಗೆ ಕಾಯುವ ದಿನಗಳಲ್ಲೇ ಇಲ್ಲಿ ಅಂಬಿಗನಿಗೆ ಬಿಡುವಿಲ್ಲ.

ಹರಿಗೋಲಿನ ಜಾಣತನವೆಲ್ಲ ಹೆಣಿಗೆಯದು. ಹಸಿ ಬಿದಿರು ಸೀಳಿ, ನೆಲದ ಮೇಲೆ ಅಡ್ಡ, ಉದ್ದ, ಓರೆಯಾಗಿ ಹಾಸಿ ತಳ ಹೆಣೆಯಬೇಕು. ಅದರ ಮೇಲೆ ಕಲ್ಲು ಹೇರಿ, ಹೊರಗುಳಿದ ಸೀಳುಗಳನ್ನು ಮೇಲಕ್ಕೆ ಬಾಗಿಸಿ, ಅಂಚನ್ನು ದಪ್ಪಗೆ ಸುತ್ತಿ ಬಿಗಿಯಬೇಕು. ಒಣಗಿದ ಬಿದಿರು ಬಾಗುವ ಬದಲು ಸಿಬಿರೇಳುತ್ತದೆ. ಆ ಸಿಬಿರೇ ಮುಂದೆ ಹೊದಿಕೆಯನ್ನು ಒಳಗಿನಿಂದ ಚುಚ್ಚುತ್ತದೆ. ಹಿಂದೆ ಹೊದಿಸುತ್ತಿದ್ದದ್ದು ಎಮ್ಮೆಯ ತೊಗಲು. ಅದನ್ನು ಆಗಾಗ ಬೋರಲು ಹಾಕಿ ಒಣಗಿಸಿ ಎಣ್ಣೆ ಸವರದಿದ್ದರೆ ಕೊಳೆಯುತ್ತಿತ್ತು. ಈಗ ಪ್ಲಾಸ್ಟಿಕ್ ಹಾಳೆ, ಗೊಬ್ಬರದ ಚೀಲ, ಮೇಲೆ ಡಾಂಬರು. ಹಾಳೆಯನ್ನು ಮಡಿಕೆ ಬೀಳದಂತೆ ಎಳೆದು ಕಟ್ಟಬೇಕು, ಡಾಂಬರು ಮೊದಲು ಬಿರಿಯುವುದು ಮಡಿಕೆಯಲ್ಲೇ.

ಹುಟ್ಟು ಹಾಕುವುದೂ ಬೇರೆ ರೀತಿ. ಪಕ್ಕದಲ್ಲಿ ಹಾಕಿದರೆ ಬುಟ್ಟಿ ಬುಗುರಿಯಾಗುತ್ತದೆ. ಹೋಗಬೇಕಾದ ದಿಕ್ಕಿನ ಅಂಚಿಗೆ ಕೂತು, ಕೈ ಚಾಚಿ ನೀರನ್ನು ತನ್ನತ್ತ ಎಳೆದುಕೊಳ್ಳಬೇಕು. ಸೆಳವು ಕೆಳಗೊಯ್ಯುವುದರಿಂದ ಇಳಿಯುವ ಜಾಗಕ್ಕಿಂತ ಸಾಕಷ್ಟು ಮೇಲಿನಿಂದಲೇ ಹೊರಡಬೇಕು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವ ಗಾದೆ ದಾಟಿದವರದು. ಮರಳಿ ಬರಲು ಹರಿಗೋಲನ್ನು ತಲೆಮೇಲೆ ಹೊತ್ತು ದಂಡೆಗುಂಟ ಮೇಲಕ್ಕೆ ನಡೆಯುವ ಕೆಲಸ ಅಂಬಿಗನಿಗೆ ಇನ್ನೂ ಉಳಿದೇ ಇರುತ್ತದೆ.

ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು ತುಂಬಿ ಸಮುದ್ರಮಟ್ಟದಿಂದ 519.6 ಮೀಟರಿಗೆ ನಿಂತಾಗ ಹಿನ್ನೀರು ಸಮುದ್ರದಂತೆ ಹರಡುತ್ತದೆ. ಹಾಯಿಗೆ ಬೇಕಾದ ಬಯಲು ಈಗೇನೋ ಸಿಕ್ಕಿತು, ಆದರೆ ಮೀನುಗಾರರ ಹರಿಗೋಲಿಗೆ ಅದೇ ಕಂಟಕ. ಅಡೆತಡೆಯಿಲ್ಲದ ಗಾಳಿ ತೆರೆ ಎಬ್ಬಿಸುತ್ತದೆ, ಮುಳುಗಿದ ಜಾಲಿಯ ಮುಳ್ಳು ಹೊದಿಕೆ ಸೀಳುತ್ತದೆ. ಅಂಚಿನ ಬಳಿ ಹರಿದಿದ್ದರೆ ಭಾರವನ್ನು ಎದುರು ಬದಿಗೆ ಮೆಲ್ಲಗೆ ಸರಿಸಿ, ತೂತು ನೀರಿನಿಂದ ಮೇಲೇಳುವಂತೆ ಮಾಡಿ ದಂಡೆ ಹಿಡಿಯಬಹುದು. ಎಲ್ಲಿ ಹರಿಯಿತು ನೋಡೋಣ ಅಂತ ಎಲ್ಲರೂ ಅದೇ ಕಡೆ ಬಗ್ಗಿದರೆ ಅಲ್ಲೇ ಮಗುಚುತ್ತದೆ.